ಸಿಲೋನಿಗೆ ಒಯ್ದ ಅಸಲಿ ನೈಲಾನ್

ಭಾಲ್ಕಿ

ಮೊದಲೇ ಹೇಳಿಬಿಡುತ್ತೇನೆ, ಮೋಟಾರು ಓಟದ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಅರಿವೆ. ಬೀದರಿನ ಚೌಬಾರಾದ ಹತ್ತಿರ ನಮ್ಮ ಕಪಡೆಯ ದುಕಾನವಿದೆ. ಅಜ್ಜ ಕೂತ ಗಾದಿಯ ಮೇಲೇ ನಾನೂ ಕೂತಿದ್ದೇನೆ. ಗುರುಪಾದಪ್ಪ ಅಂದರೆ ಔರಾದಿನವರೆಗೂ ಗಿರಾಕಿಗಳಿಗೆ ಗುರುತು. ಅಂಥವನು ಸಮುದ್ರ ದಾಟಿ ಸಿಲೋನಿಗೆ ಹೋಗಿ, ಚಹಾ ತೋಟದ ಗುಡ್ಡದ ಮೇಲೆ, ಇದ್ದ ಧೋತರ ಕಳಕೊಂಡು ಚಳಿಯಲ್ಲಿ ನಡುಗುತ್ತ ನಿಂತದ್ದು ಹೇಗೆ ಎಂದು ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ಹೇಳಿ ಹೇಳಿ ಬಾಯಿ ಸೋತಿತು. ಬರೆದೇ ಬಿಡೋಣ ಎಂದು ಕೂತಿದ್ದೇನೆ. ನಾನು ಸಾಲೆ ಕಲಿತದ್ದು ಉರ್ದುವಿನಲ್ಲಿ, ಕನ್ನಡ ಕಲಿತದ್ದು ಮಠದ ಕಟ್ಟೆಯ ಮೇಲೆ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು.

ನಮ್ಮ ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ನನ್ನ ತಂಗಿ ನೀಲಮ್ಮನನ್ನು ಭಾಲ್ಕಿಗೆ ಕೊಟ್ಟಿದ್ದೆವು. ಅವಳ ಗಂಡನಿಗೆ ಮೋಟಾರಿನ ಹುಚ್ಚು. ಮಿಲಿಟರಿಯವರು ಲಿಲಾವು ಮಾಡಿದ ಒಂದು ಹಳೆಯ ಜೀಪು ಕೊಂಡು ತಾಲೂಕೆಲ್ಲ ತಿರುಗುತ್ತಿದ್ದ. ಈ ಮಾತಿಗೆ ಹತ್ತು ವರ್ಷ ಹಿಂದೆ ಒಂದು ದಿನ ಔರಾದಿನ ಸಂತೆ ಮುಗಿಸಿ ಬೀದರಿಗೆ ಬರುವಾಗ ಜನವಾಡದ ಹತ್ತಿರ ತಿರುವಿನಲ್ಲಿ ಜೀಪು ಉರುಳಿ ತೀರಿಕೊಂಡ. ಆಗ ಅವರ ಒಬ್ಬನೇ ಮಗ ಸಂಗಮೇಶ ಇನ್ನೂ ಸಣ್ಣವನು. ಅಪ್ಪ ಹೋದ, ಅಪ್ಪನ ಹುಚ್ಚು ಮಾತ್ರ ಹುಡುಗನಲ್ಲಿ ಉಳಿಯಿತು. ಮದ್ರಾಸಿನಲ್ಲಿ ಇಂಜಿನಿಯರಿಂಗ್ ಓದಲು ಹೋದವನು ಅಲ್ಲಿ ರಜೆಯ ದಿನ ಗೆಳೆಯರ ಜೊತೆ ಮೋಟಾರು ಓಟ ಕಲಿತ. ಅವನ ಕಾಲೇಜಿನ ಗೆಳೆಯ ನಿಹಾಲ ಎಂಬುವನು ಸಿಲೋನಿನವನು, ಚಹಾ ತೋಟದವರ ಮಗ. ಅವರ ಗುಡ್ಡದಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳ ಓಟ ನಡೆಯುತ್ತದಂತೆ. ಒಬ್ಬೊಬ್ಬರಾಗಿ ಗುಡ್ಡದ ಬುಡದಿಂದ ನೆತ್ತಿಯವರೆಗೆ ಮೋಟಾರು ಹತ್ತಿಸಬೇಕು, ಎಲ್ಲರಿಗಿಂತ ಬೇಗ ಮುಟ್ಟಿದವನು ಗೆದ್ದಂತೆ. ಮೋಟಾರು ನಾನು ಕೊಡುತ್ತೇನೆ, ನೀನು ಬಂದು ಓಡಿಸು ಎಂದು ನಿಹಾಲ ಕರೆದಿದ್ದ.

ಈ ಸುದ್ದಿ ಕೇಳಿ ನೀಲಮ್ಮ ಎರಡು ದಿನ ಉಂಡಿರಲಿಲ್ಲ. ನಾನು ಭಾಲ್ಕಿಗೆ ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಮಾತಾಡಿದಳು.

"ಅಣ್ಣಾ, ನಾ ಬ್ಯಾಡಂದ್ರ ಅಂವ ಕೇಳಂಗಿಲ್ಲ. ನೀ ಜೋಡಿ ಹೋಗು. ಹ್ಯಾಂಗರೆ ಮಾಡು, ಆ ಗಾಡಿನ್ಯಾಗ ಕೂಡದಂಗ ಮಾಡು. ನಿನ್ನ ಜಿಮ್ಮಾ ಅದ."

ನನ್ನ ಜಿಮ್ಮಾ, ನನ್ನ ಹೊಣೆ ಎಂದು ಮಾತು ಕೊಟ್ಟೆ. ಅವಳು ಇನ್ನೊಂದು ಮಾತು ಸೇರಿಸಿದಳು. ಪರದೇಶಕ್ಕೆ ಹೋದರೂ ಹುಡುಗನ ಮೈಮೇಲಿನ ಲಿಂಗ ಒಂದು ಗಳಿಗೆಯೂ ಇಳಿಯಬಾರದು. ಅದಕ್ಕೂ ಹೂಂ ಅಂದೆ.

ಆದರೆ ನೋಡಿ, ದುಕಾನದಾರನ ಬುದ್ಧಿ ಎಲ್ಲಿ ಹೋಗುತ್ತದೆ. ಓಟಕ್ಕೆ ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಆಗಿರುವ ಅಂಗಿ ಬೇಕು ಎಂದು ಹುಡುಗ ಮದ್ರಾಸಿನಿಂದ ಅಳತೆ ಬರೆದು ಕಳಿಸಿದ. ತಡೆಯಲು ಹೊರಟವನು ಅಂಗಿ ಯಾಕೆ ಹೊಲಿಸಬೇಕು? ಆದರೂ ಗುರುಪಾದಪ್ಪನ ಅಳಿಯ ಪರದೇಶದವರ ಮುಂದೆ ಖಾದಿ ಹಾಕಿಕೊಂಡು ನಿಂತರೆ ನಮ್ಮ ಇಜ್ಜತ್ತು ಏನಾಗಬೇಕು. ಆ ವರ್ಷವೇ ಬೊಂಬಾಯಿಯಿಂದ ನೈಲಾನ್ ಬರತೊಡಗಿತ್ತು. ಬೀದರಿನಲ್ಲಿ ಅದನ್ನು ತರಿಸಿದವನು ನಾನೊಬ್ಬನೇ. ಆಕಾಶದ ಬಣ್ಣ, ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುವ ಹೊಳಪು. ನಮ್ಮ ದರ್ಜಿಯನ್ನು ಕೂಡಿಸಿಕೊಂಡು ಹೊಲಿಸಿದೆ, ಎದೆಯ ಮೇಲೆ ಜರಿಯಲ್ಲಿ ಹುಡುಗನ ಹೆಸರಿನ ಮೊದಲ ಅಕ್ಷರವನ್ನೂ ಹಾಕಿಸಿದೆ.

ಧನುಷ್ಕೋಟಿಯಿಂದ ಆಚೆ

ರೈಲಿನ ದಾರಿ ಉದ್ದ. ಅದರ ವಿವರ ಬೇಡ. ಮದ್ರಾಸಿನಲ್ಲಿ ಸಂಗಮೇಶ ಕೂಡಿಕೊಂಡ, ಇಬ್ಬರೂ ಧನುಷ್ಕೋಟಿಗೆ ಬಂದಿಳಿದೆವು. ಅಲ್ಲಿ ನೆಲ ಮುಗಿಯುತ್ತದೆ. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಬೀದರಿನ ಕೋಟೆಯ ಗೋಡೆಯ ಮೇಲೆ ನಿಂತು ಕೆಳಗಿನ ಬಯಲು ನೋಡಿದವನಿಗೆ ಇಷ್ಟು ಅಗಲ ಹೊಸದಲ್ಲ. ಆದರೆ ನಮ್ಮ ಬಯಲು ನಿಂತಲ್ಲಿ ನಿಂತಿರುತ್ತದೆ. ಇದು ಅಲ್ಲಾಡುತ್ತಿತ್ತು. ಹಡಗಿನಲ್ಲಿ ಕೂತ ಮೇಲೆ ನನ್ನ ಹೊಟ್ಟೆಯೂ ಅಲ್ಲಾಡಿತು. ರೊಟ್ಟಿಯ ಗಂಟನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಶರಣರನ್ನೆಲ್ಲ ಒಬ್ಬೊಬ್ಬರಾಗಿ ನೆನೆದೆ. ಎಲ್ಲರ ಹೆಸರೂ ಮುಗಿಯುವುದರೊಳಗೆ ಆಚೆ ದಂಡೆ ಬಂದಿತ್ತು.

ತಲೈಮನ್ನಾರಿನಲ್ಲಿ ಇಳಿದಾಗ ಸುಂಕದ ಅಧಿಕಾರಿ ಗಂಟು ಬಿಚ್ಚಿಸಿದ. ನೀಲಮ್ಮ ಕಟ್ಟಿದ್ದು ಖಡಕ್ ರೊಟ್ಟಿ, ಒಂದರ ಮೇಲೊಂದು. ಅವನು ಪೆನ್ಸಿಲಿನಿಂದ ಬಡಿದು ನೋಡಿದ, ಟಣ್ ಎಂದಿತು. ಇವು ಏನು, ಮನೆಯ ಮೇಲೆ ಹೊದಿಸುವುದೋ ಎಂದು ಕೇಳಿದನಂತೆ. ತಿನ್ನುವುದು ಎಂದು ಸಂಗಮೇಶ ಇಂಗ್ಲಿಷಿನಲ್ಲಿ ತಿಳಿಸಿದರೂ ಅವನಿಗೆ ನಂಬಿಕೆ ಬರಲಿಲ್ಲ. ನಾನು ಒಂದು ಚೂರು ಮುರಿದು, ಮೇಲೆ ಖಾರದ ಶೇಂಗಾ ಹಿಂಡಿ ಹಚ್ಚಿ ಅವನ ಕೈಗೇ ಕೊಟ್ಟೆ. ಪುಣ್ಯಾತ್ಮ ತಿಂದ. ಕಣ್ಣಲ್ಲಿ ನೀರು ಬಂದು, ಮೂಗು ಒರೆಸಿಕೊಂಡು, ಬೇಗ ಬೇಗ ಗಂಟು ಕಟ್ಟಿ ನಮ್ಮನ್ನು ಮುಂದೆ ಕಳಿಸಿದ.

ಯಾವ ರಾಜ್ಯದವರು ಎಂದೂ ಕೇಳಿದ್ದ. ನಾನು ರೂಢಿಯಂತೆ ಹೈದರಾಬಾದ್ ಅಂದೆ. ಹುಡುಗ ಮಧ್ಯೆ ಬಂದು ಮೈಸೂರು ಅಂದ. ಅಧಿಕಾರಿಯ ಮುಖ ಅರಳಿತು. ಗಂಧ, ಅರಮನೆ, ಆನೆ, ದಸರಾ ಎಂದು ಎಣಿಸಿದ. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಇದೇ ಆಯಿತು. ಮೈಸೂರನ್ನು ಕನಸಿನಲ್ಲೂ ಕಾಣದ ನಾನು ಊಟಕ್ಕೆ ಕೂತಲ್ಲೆಲ್ಲ ದಸರೆಯ ಆನೆಯ ಬಗ್ಗೆ ಹೇಳಬೇಕಾಯಿತು. ಒಂದೆರಡು ದಿನದಲ್ಲಿ ಸುಳ್ಳು ನಾಲಗೆಗೆ ಒಗ್ಗಿತು, ನಮ್ಮ ರಾಜ್ಯ ಎಂಬ ಹೆಮ್ಮೆಯೂ ಸ್ವಲ್ಪ ಹುಟ್ಟಿತು.

ಕೊಲಂಬೊ

ಕೊಲಂಬೊದಲ್ಲಿ ಜನ ಬಸ್ಸಿಗೆ ಸಾಲಾಗಿ ನಿಲ್ಲುತ್ತಾರೆ. ಬಸ್ಸು ಬಂದ ಮೇಲೂ ಸಾಲು ಮುರಿಯುವುದಿಲ್ಲ. ಔರಾದಿನ ಬಸ್ಸಿಗೆ ಕಿಟಕಿಯೊಳಗೆ ಹೆಗಲ ಮೇಲಿನ ವಲ್ಲಿ ಎಸೆದು ಜಾಗ ಹಿಡಿದು ಬೆಳೆದ ನನಗೆ ಇದು ಬಸ್ಸು ಹತ್ತಿದಂತೆಯೇ ಅನಿಸಲಿಲ್ಲ. ನಾನು ಅಭ್ಯಾಸಬಲದಿಂದ ಕಿಟಕಿಯಲ್ಲಿ ವಲ್ಲಿ ಹಾಕಿದೆ. ಒಳಗಿದ್ದ ಹೆಣ್ಣುಮಗಳು ಯಾರದೋ ಬಿದ್ದಿದೆ ಎಂದುಕೊಂಡು ಅದನ್ನು ಮಡಚಿ ವಾಪಸು ಕೊಟ್ಟಳು, ನಕ್ಕಳು. ಇಡೀ ಸಾಲು ನಕ್ಕಿತು. ನಾನೂ ನಗಬೇಕಾಯಿತು.

ಊಟದ್ದೇ ತಾಪತ್ರಯ. ಅಲ್ಲಿ ಕಾಯಿಪಲ್ಲೆಗೂ ಒಣಮೀನಿನ ಪುಡಿ ಉದುರಿಸುತ್ತಾರೆ. ಇದರಲ್ಲಿ ಮೀನಿದೆಯೇ ಎಂದರೆ ಇಲ್ಲ ಇಲ್ಲ, ಸ್ವಲ್ಪವೇ ಎಂದು ಸಮಾಧಾನ ಹೇಳುತ್ತಾರೆ. ನಾನು ಬಾಳೆಹಣ್ಣು, ಎಳನೀರು ಮತ್ತು ನೀಲಮ್ಮನ ರೊಟ್ಟಿಯ ಮೇಲೆ ದಿನ ನೂಕಿದೆ.

ಪೇಟೆಯೊಳಗೆ ಅರಿವೆ ಬಜಾರಿಗೆ ಹೋದಾಗ ಮಾತ್ರ ಮನೆಗೆ ಬಂದಂತಾಯಿತು. ಒಬ್ಬ ಮುಸಲ್ಮಾನ ವ್ಯಾಪಾರಿ ಉರ್ದುವಿನಲ್ಲಿ ಮಾತಾಡಿದ. ನನ್ನ ದಖನಿ ಕೇಳಿ ಖುಷಿಯಾಗಿ ಗಾದಿಯ ಮೇಲೆ ಕೂಡಿಸಿಕೊಂಡು ಚಹಾ ತರಿಸಿದ. ನಾನು ಅವನಿಗೆ ನೈಲಾನ್ ಅಂಗಿ ತೋರಿಸಿದೆ. ನಮ್ಮ ಧಂದೆಯಲ್ಲಿ ಅರಿವೆ ಅಸಲಿಯೋ ನಕಲಿಯೋ ನೋಡುವುದು ಒಂದೇ ರೀತಿ. ಸೆರಗಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡುವುದು. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮೆತ್ತನ್ನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ನೈಲಾನ್ ಆದರೆ ಕರಗಿ ಮಣಿಯಾಗುತ್ತದೆ. ಆ ಮನುಷ್ಯ ಒಳಹೊಲಿಗೆಯಿಂದ ಎಳೆ ಕಿತ್ತು ಸುಟ್ಟ, ಮಣಿ ನೋಡಿದ, ಅಸಲಿ ಮಾಲು ಎಂದು ತಲೆದೂಗಿದ. ಸಮುದ್ರದ ಈಚೆಗೂ ಆಚೆಗೂ ಒಂದೇ ಪರೀಕ್ಷೆ ಎಂದು ಇಬ್ಬರೂ ಬಹಳ ಹೊತ್ತು ಸಂತೋಷಪಟ್ಟೆವು.

ಗುಡ್ಡದ ಮೇಲೆ

ಕ್ಯಾಂಡಿಯಿಂದ ಮೇಲೆ ನಿಹಾಲನ ತೋಟ. ರೈಲು ಇಳಿದಲ್ಲಿಂದ ಅವನೇ ಮೋಟಾರು ತಂದಿದ್ದ. ಗುಡ್ಡಗಳೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು, ಅದರ ಮಧ್ಯೆ ಬುಟ್ಟಿ ಹೊತ್ತ ತಮಿಳು ಹೆಣ್ಣುಮಕ್ಕಳು. ನಿಹಾಲ ತೆಳ್ಳಗಿನ, ಮೆಲುಮಾತಿನ ಹುಡುಗ. ಸಂಗಮೇಶನಿಂದ ಕಲಿತು ನನ್ನನ್ನು ಮಾಮಾ ಎಂದೇ ಕರೆದ. ಆ ಒಂದು ಶಬ್ದಕ್ಕೆ ನಾನು ಅರ್ಧ ಸೋತೆ.

ಚಳಿ ಹೇಳತೀರದು. ಧೋತರದ ಮೇಲೆ ನಿಹಾಲ ಕೊಟ್ಟ ಉಣ್ಣೆಯ ಕೋಟು ಹಾಕಿಕೊಂಡು, ಕಿವಿಗೆ ವಲ್ಲಿ ಸುತ್ತಿಕೊಂಡು, ಓಟದ ರಸ್ತೆ ನೋಡಲು ಹೋದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಹಸಿರು. ತಿರುವಿನ ಮೇಲೆ ತಿರುವು. ನನ್ನ ಕಣ್ಣಮುಂದೆ ಜನವಾಡದ ರಸ್ತೆ ಬಂತು. ನೀಲಮ್ಮನಿಗೆ ಕೊಟ್ಟ ಮಾತು ಎದೆಯ ಮೇಲೆ ಕೂತಿತು.

ಉಪಾಯ ಮಾಡಿದೆ. ಮರುದಿನ ಹೊಟ್ಟೆನೋವು ಎಂದು ಮಲಗಿಬಿಟ್ಟೆ. ನನ್ನನ್ನು ಬಿಟ್ಟು ಹುಡುಗ ಅಭ್ಯಾಸಕ್ಕೆ ಹೋಗಲಾರ ಎಂದು ಲೆಕ್ಕ. ಅವನು ಗಾಬರಿಯಾಗಿ ಪಕ್ಕದಲ್ಲಿ ಕೂತದ್ದು ಖರೆ. ಆದರೆ ನಿಹಾಲನ ಅಡಿಗೆಯವಳು ಯಾವುದೋ ಕಹಿ ಬೇರಿನ ಕಷಾಯ ತಂದು, ಮೂಗು ಹಿಡಿದು ಕುಡಿಸಿ, ಮತ್ತೊಂದು ಬಟ್ಟಲು ಕಾಯಿಸಲು ಇಟ್ಟಳು. ಅದರ ವಾಸನೆಗೇ ನಾನು ಗುಣವಾಗಿ ಎದ್ದು ಕೂತೆ.

ಚಹಾ ಕಾರ್ಖಾನೆಯ ಅಂಗಳ

ಓಟದ ಹಿಂದಿನ ದಿನ ಮುಂಜಾನೆ ಮೋಟಾರುಗಳ ತಪಾಸಣೆ. ಚಹಾ ಕಾರ್ಖಾನೆಯ ಅಂಗಳದಲ್ಲಿ ಎಲ್ಲ ಮೋಟಾರುಗಳನ್ನೂ ನಿಲ್ಲಿಸಿದ್ದರು. ಓಡಿಸುವವರು ಡಾಕ್ಟರು, ವಕೀಲರು, ತೋಟದವರು, ಒಬ್ಬ ಸಾಲೆ ಮಾಸ್ತರ. ಯಾರೂ ಇದರಿಂದ ಹೊಟ್ಟೆ ಹೊರೆಯುವವರಲ್ಲ. ಅಷ್ಟೂ ಮಂದಿ ಒಬ್ಬ ಮುದುಕನ ಮುಂದೆ ಪರೀಕ್ಷೆಗೆ ಬಂದ ಹುಡುಗರ ಹಾಗೆ ಕೈಕಟ್ಟಿ ನಿಂತಿದ್ದರು. ಅವನು ಬಾರ್ಟೆಲ್ ಸಾಹೇಬ. ಅಲ್ಲೇ ಹುಟ್ಟಿ ಬೆಳೆದ ಯುರೋಪಿಯನ್ ಮೂಲದವನು, ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಅವನು ಸರಿ ಅಂದು ಚೀಟಿ ಕಟ್ಟಿದರೆ ಮಾತ್ರ ಮೋಟಾರು ಗುಡ್ಡ ಹತ್ತಬಹುದು.

ಅವನು ನೋಡುವ ರೀತಿ ನನಗೆ ಹಿಡಿಸಿತು. ಚಕ್ರ ಹಿಡಿದು ಅಲುಗಿಸುತ್ತಾನೆ, ಕೆಳಗೆ ಮಲಗಿ ಬ್ರೇಕಿನ ನಳಿಗೆ ನೋಡುತ್ತಾನೆ, ಬ್ಯಾಟರಿ ಬಿಗಿದ ಪಟ್ಟಿ ಎಳೆಯುತ್ತಾನೆ, ಬೆಂಕಿ ಆರಿಸುವ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡುತ್ತಾನೆ. ಆಮೇಲೆ ತಲೆಗೆ ಹಾಕುವ ಗಟ್ಟಿ ಟೊಪ್ಪಿಗೆ. ಅದರೊಳಗೆ ಬೆರಳು ಹಾಕಿ ಪ್ರಮಾಣದ ಮುದ್ರೆ ಹುಡುಕುತ್ತಾನೆ. ಒಬ್ಬ ವಕೀಲರು ಚೆಂದದ ಚರ್ಮದ ಟೊಪ್ಪಿಗೆ ತಂದಿದ್ದರು. ಮುದ್ರೆ ಇಲ್ಲ, ಆಗುವುದಿಲ್ಲ ಎಂದ. ವಕೀಲರು ವಾದಿಸಿದರು. ಮುದ್ರೆ ಅಂದರೆ ಇಂಥದೇ ಹಲವು ಟೊಪ್ಪಿಗೆ ಎಲ್ಲೋ ಬಡಿದು ಒಡೆದು ನೋಡಿದ್ದಾರೆ ಎಂದರ್ಥ, ನಿಮ್ಮದನ್ನು ನಿಮ್ಮ ತಲೆಯ ಮೇಲೇ ಮೊದಲು ಒಡೆದು ನೋಡುವುದು ಬೇಡ ಎಂದನಂತೆ. ಸಂಗಮೇಶ ನನಗೆ ಕನ್ನಡದಲ್ಲಿ ಹೇಳಿದ. ಬಜಾರದಲ್ಲಿ ಕೂಡಬೇಕಾದ ಮನುಷ್ಯ ಎಂದುಕೊಂಡೆ.

ನಿಹಾಲನ ಸಣ್ಣ ಹಸಿರು ಮೋಟಾರು ಪಾಸಾಯಿತು. ಸಂಗಮೇಶನ ಟೊಪ್ಪಿಗೆಯೂ ಪಾಸಾಯಿತು. ಇನ್ನು ಈ ಹುಡುಗನನ್ನು ತಡೆಯುವುದು ಆಗದು. ಆಗ ಬಾರ್ಟೆಲ್ ಸಾಹೇಬ ನೈಲಾನ್ ಅಂಗಿಯ ತೋಳು ಹಿಡಿದು, ಬೆರಳಲ್ಲಿ ತಿಕ್ಕಿ, ಇದು ಯಾವ ಅರಿವೆ ಎಂದು ಕೇಳಿದ.

ನನಗೆ ಎಲ್ಲ ಮರೆತುಹೋಯಿತು. ತಂಗಿಯನ್ನು ಮರೆತೆ, ಕೊಟ್ಟ ಮಾತು ಮರೆತೆ. ಗಿರಾಕಿ ಮಾಲಿನ ಬಗ್ಗೆ ಅನುಮಾನ ಪಟ್ಟಿದ್ದಾನೆ, ಅಷ್ಟೇ ಉಳಿಯಿತು. ಮುಂದೆ ನುಗ್ಗಿದೆ. ಒಳಹೊಲಿಗೆಯಿಂದ ಒಂದು ಉದ್ದ ಎಳೆ ಕಿತ್ತೆ, ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಗೀರಿದೆ, ಎಳೆ ಎತ್ತಿ ಹಿಡಿದು ಸುಟ್ಟು ತೋರಿಸಿದೆ. ಎಳೆ ಚುರ್ ಎಂದು ಸೇದಿಕೊಂಡು ಕರಗಿತು. ಉರಿಯುವ ಹನಿ ನನ್ನ ಹೆಬ್ಬೆರಳಿನ ಮೇಲೇ ಬಿದ್ದು ಅಂಟಿಕೊಂಡಿತು. ಚರ್ಮ ಸುಟ್ಟರೂ ನಾನು ಎದೆಯುಬ್ಬಿಸಿ, ಅಸಲಿ ನೈಲಾನ್, ಏಕ್‌ದಂ ಅಸಲಿ ಎಂದು ಉರ್ದುವಿನಲ್ಲಿ ಹೇಳಿದೆ.

ಬಾರ್ಟೆಲ್ ಸಾಹೇಬ ನನ್ನ ಹೆಬ್ಬೆರಳು ಹಿಡಿದು, ಅಂಟಿದ ಮಣಿಯನ್ನು ಎಲ್ಲರಿಗೂ ತೋರಿಸಿದ. ಬಹಳ ಉಪಕಾರವಾಯಿತು, ಇದಕ್ಕಿಂತ ಚೆನ್ನಾಗಿ ನಾನೂ ತೋರಿಸಲಾರೆ ಎಂದನಂತೆ. ಪೆಟ್ರೋಲು ಹೊತ್ತಿಕೊಂಡರೆ ಈ ಅಂಗಿ ಪೂರಾ ಮೈಗೆ ಹೀಗೆ ಅಂಟುತ್ತದೆ. ಹತ್ತಿಯದು ಬೇಕು, ಅದೂ ಬೆಂಕಿ ಹಿಡಿಯದ ಹಾಗೆ ಮದ್ದಿನಲ್ಲಿ ಅದ್ದಿರಬೇಕು. ಸಂಜೆಯೊಳಗೆ ತಂದರೆ ನೋಡುತ್ತೇನೆ, ಇಲ್ಲದಿದ್ದರೆ ಇಲ್ಲ.

ಕಾರ್ಖಾನೆಯ ಹಿಂದುಗಡೆ

ಸಂಗಮೇಶ ನನ್ನನ್ನು ಗೋಡೆಯ ಹಿಂದೆ ಕರಕೊಂಡು ಹೋದ. ಅವನು ಕೂಗಾಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವನು ಮೆಲ್ಲಗೆ ಮಾತಾಡಿದ.

"ಮಾಮಾ, ಅವ್ವ ಹೇಳಿ ಕಳಿಸ್ಯಾಳ, ಹೌದಲ್ರಿ? ದಿನಾ ದುಕಾನದಾಗ ಎಳಿ ಸುಡೋರು ನೀವು. ನೈಲಾನ್ ಕರಗ್ತದಂತ ನಿಮಗ ಗೊತ್ತಿರಲಿಲ್ಲಂದ್ರ ಯಾರು ನಂಬ್ತಾರ್ರಿ? ಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ರ ಆಗ್ತಿತ್ತು. ಹಿಂಗ ಮೋಸ ಮಾಡಬಾರ್ದಿತ್ತು."

ನೋಡಿ, ನೀಲಮ್ಮ ಕೇಳಿದ್ದು ಆಗಿಹೋಗಿತ್ತು. ಹುಡುಗ ಗಾಡಿಯಲ್ಲಿ ಕೂಡುವುದಿಲ್ಲ. ನಾನು ಹೂಂ, ಬೇಕೆಂದೇ ಮಾಡಿದೆ ಅಂದರೆ ಮುಗಿಯಿತು. ಆದರೆ ನಾನು ಬೇಕೆಂದು ಮಾಡಿರಲಿಲ್ಲ. ಇಪ್ಪತ್ತು ವರ್ಷದಿಂದ ಎಳೆ ಸುಟ್ಟಿದ್ದೇನೆ, ಮಾಲು ಅಸಲಿಯೋ ಎಂದು ನೋಡಲಿಕ್ಕೆ. ಆ ಅರಿವೆಯೊಳಗೆ ಒಬ್ಬ ಮನುಷ್ಯ ಇರುತ್ತಾನೆ, ಅವನ ಸುತ್ತ ಬೆಂಕಿ ಬರಬಹುದು ಎಂಬ ವಿಚಾರ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ತಂದೆ ಇಲ್ಲದ ಹುಡುಗ, ನನ್ನ ತೊಡೆಯ ಮೇಲೆ ಆಡಿದವನು, ನನ್ನನ್ನು ಮೋಸಗಾರ ಎಂದು ನೋಡುತ್ತಿದ್ದ. ಅದು ನನಗೆ ತಡೆಯಲಿಲ್ಲ. ಮೂರ್ಖ ಎನ್ನಲಿ, ಪರವಾಗಿಲ್ಲ.

"ನಿನ್ನ ಮಾಮಾ ದಡ್ಡ ಇದ್ದಾನ, ಠಕ್ಕ ಅಲ್ಲೋ ತಮ್ಮಾ" ಅಂದೆ. "ದರ್ಜಿ ಎಲ್ಲಿ ಸಿಗ್ತಾನ, ಕೇಳು."

ದರ್ಜಿ ಸಿಕ್ಕ. ತೋಟದ ಕೂಲಿಗಳ ಸಾಲುಮನೆಯಲ್ಲಿ ಒಬ್ಬ ತಮಿಳು ಮುದುಕ, ಕಾಲಿನಿಂದ ತುಳಿಯುವ ಯಂತ್ರ. ಅರಿವೆ ಎಲ್ಲಿ? ಆ ಗುಡ್ಡದ ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ತೆಳುವಾದ ಹೂವಿನ ಚೀಟಿ ಬಟ್ಟೆ. ನಾನು ಪೆಟ್ಟಿಗೆ ತೆರೆದೆ. ನಮ್ಮ ಕಡೆಯ ಕೈಮಗ್ಗದ ದಪ್ಪ ಧೋತರ, ಇನ್ನೂ ನೀರು ಕಾಣದವು, ಜೋಡಿ ಇದ್ದವು. ಅರಿವೆಯನ್ನು ಎರಡು ಪದರ ಮಾಡಿ ಹೊಲಿ ಎಂದೆ. ದರ್ಜಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಆದರೆ ಕತ್ತರಿ ಹಿಡಿದವರಿಗೆ ಕೈಸನ್ನೆ ಸಾಕು. ಕಂಕುಳಲ್ಲಿ ಸಡಿಲ ಬಿಡಬೇಕೋ ಬೇಡವೋ ಎಂಬುದರ ಮೇಲೆ ನಾವಿಬ್ಬರೂ ನಮ್ಮ ನಮ್ಮ ಭಾಷೆಯಲ್ಲಿ ಜಗಳವಾಡಿದೆವು, ಅವನೇ ಗೆದ್ದ.

ಮದ್ದು ಅಂದರೆ ಬೇರೇನೂ ಅಲ್ಲ, ನಮ್ಮ ಬಿಳಿಗಾರ. ಕೂಸುಗಳ ಬಾಯಿ ಹುಣ್ಣಿಗೆ ಜೇನಿನಲ್ಲಿ ಕಲಸಿ ಹಚ್ಚುವುದು. ತೋಟದ ದವಾಖಾನೆಯಲ್ಲಿ ಬೇಕಾದಷ್ಟಿತ್ತು, ಅದಕ್ಕೆ ಬೋರಿಕ್ ಪುಡಿ ಸೇರಿಸಿ ಬಿಸಿನೀರಿನಲ್ಲಿ ಕರಗಿಸಿ ಅಂಗಿ ಅದ್ದಿದೆವು. ಅದ್ದಿದ್ದು ಒಣಗಬೇಕಲ್ಲ, ಹೊರಗೆ ಮಂಜು. ನಿಹಾಲ ನಕ್ಕು, ಮಾಮಾ ಬನ್ನಿ ಎಂದು ಕಾರ್ಖಾನೆಯ ಒಳಗೆ ಕರಕೊಂಡು ಹೋದ. ಚಹಾ ಎಲೆ ಒಣಗಿಸುವ ಬಿಸಿಗಾಳಿಯ ಕೋಣೆಯಲ್ಲಿ ಅಂಗಿಯನ್ನು ನೇತುಹಾಕಿದೆವು. ನಾನು ಅದರ ಕೆಳಗೇ ಕೂತು ಚಳಿ ಬಿಡಿಸಿಕೊಂಡೆ. ಈಗ ನನ್ನ ಬಳಿ ಉಟ್ಟ ಧೋತರ ಒಂದೇ. ಕೆಲಸದ ಹೆಣ್ಣುಮಕ್ಕಳು ಬಂದು ಬಂದು ನೋಡಿ ಹೋದರು. ಒಣಗಿದ ಅಂಗಿ ಹಪ್ಪಳದಂತೆ ಸೆಟೆದು ನಿಂತಿತ್ತು, ಮೂಗಿಗೆ ಹಿಡಿದರೆ ಒಳ್ಳೆಯ ಚಹಾದ ವಾಸನೆ.

ಮತ್ತೆ ಅಂಗಳ

ಸಂಜೆ ಬಾರ್ಟೆಲ್ ಸಾಹೇಬ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟ. ಅಂಗಿಯ ಜೊತೆಗೇ ಅದ್ದಿದ್ದ ಅಂಚಿನ ತುಂಡಿಗೆ ಕಡ್ಡಿ ಹಿಡಿದೆ. ಕಪ್ಪಾಯಿತು, ಹೊಗೆಯಾಡಿತು, ಉರಿ ಹಿಡಿಯಲಿಲ್ಲ. ಅವನು ತಲೆಯಾಡಿಸಿ ಚೀಟಿ ಕಟ್ಟಲು ಹೋದವನು ಸಂಗಮೇಶನ ಎದೆ ತಟ್ಟಿದ. ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು. ಏನಿದು?

ಲಿಂಗದ ಕರಡಿಗೆ. ಬೆಳ್ಳಿಯದು, ಕೋಳಿಮೊಟ್ಟೆಯ ಗಾತ್ರ, ಹುಡುಗನ ಅಪ್ಪನದು. ಮೋಟಾರು ಎಲ್ಲಾದರೂ ಗುದ್ದಿದರೆ ಎದೆ ಹೋಗಿ ಸ್ಟೇರಿಂಗಿಗೆ ಬಡಿಯುತ್ತದೆ, ಆಗ ಈ ಬೆಳ್ಳಿ ಎದೆಗೂಡಿನ ಒಳಗೆ ಹೋಗುತ್ತದೆ, ತೆಗೆಯಬೇಕು ಎಂದ ಸಾಹೇಬ. ಸಂಗಮೇಶ ನನ್ನ ಮುಖ ನೋಡಿದ. ಮುಂಜಾನೆಯ ಸಿಟ್ಟು ಅವನಲ್ಲಿ ಇರಲಿಲ್ಲ.

"ಮಾಮಾ, ಮ್ಯಾಲ ಹೋಗಿ ಬರೋತನಕ ನಿಮ್ಮ ಕೈಯಾಗ ಕೊಡ್ಲೇನ್ರಿ? ನೀವು ಬ್ಯಾಡಂದ್ರ ಬ್ಯಾಡ. ನಾ ಗಾಡಿ ಹತ್ತಂಗಿಲ್ಲ."

ಇಲ್ಲೇ ನಾನು ನಿಜವಾಗಿ ಕಷ್ಟಕ್ಕೆ ಬಿದ್ದೆ. ಮೈಮೇಲಿನ ಲಿಂಗ ಇಳಿಸುವುದು ನಮ್ಮಲ್ಲಿ ಇಲ್ಲ. ಹಾಗೆ ಹೇಳಿದರೆ ಸಾಕು. ಅದು ಸುಳ್ಳಲ್ಲ, ಹುಡುಗ ನಂಬುತ್ತಾನೆ, ಸಾಹೇಬನೂ ಒಪ್ಪುತ್ತಾನೆ, ನೀಲಮ್ಮನ ಎರಡೂ ಮಾತು ಉಳಿಯುತ್ತವೆ. ಬಾಯಿವರೆಗೆ ಬಂದಿತ್ತು. ಆದರೆ ಹುಡುಗ ನನ್ನ ಮೇಲೆ ಬಿಟ್ಟಿದ್ದ. ಚಹಾದ ವಾಸನೆಯ, ನನ್ನ ಧೋತರದ ಅಂಗಿ ತೊಟ್ಟು, ಅಪ್ಪನಂಥದೇ ಗದ್ದ ಎತ್ತಿಕೊಂಡು ನಿಂತಿದ್ದ. ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಹೊಲದಲ್ಲಿ ದುಡಿಯುವ ನಮ್ಮ ಮಂದಿ ಬೆಳ್ಳಿ ಎಲ್ಲಿಂದ ತರಬೇಕು. ಲಿಂಗವನ್ನು ಅರಿವೆಯಲ್ಲಿ ಸುತ್ತಿ ಮೈಗೆ ಕಟ್ಟಿಕೊಳ್ಳುತ್ತಾರೆ. ಎದೆಯ ಮೇಲೆಯೇ ಇರಬೇಕೆಂದೂ ಇಲ್ಲ, ಕಂಕುಳ ಕೆಳಗೆ ಕಟ್ಟಿಕೊಳ್ಳುವ ಪದ್ಧತಿಯೂ ಇದೆ. ಧೋತರದಲ್ಲಿ ಉಳಿದ ತುಂ‍ಡನ್ನು ಸಂಗಮೇಶನ ಕೈಗೆ ಕೊಟ್ಟು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಹೀಗೆ ಕಟ್ಟಿಕೊಂಡು ಬಾ ಎಂದೆ. ಅವನು ಬಂದ ಮೇಲೆ ಬಾರ್ಟೆಲ್ ಸಾಹೇಬ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿದ. ಮೆತ್ತಗಿದೆ, ಆದೀತು ಎಂದ. ಖಾಲಿ ಕರಡಿಗೆ ನನ್ನ ಕೋಟಿನ ಜೇಬಿಗೆ ಬಂತು. ಅವನು ಮೋಟಾರಿಗೆ ಚೀಟಿ ಕಟ್ಟಿ, ನನ್ನ ಸುಟ್ಟ ಹೆಬ್ಬೆರಳಿಗೆ ಬೆಣ್ಣೆ ಹಚ್ಚಬೇಡ, ತಣ್ಣೀರು ಹಾಕು ಎಂದು ಹೇಳಿ ಹೋದ.

ತಿರುವು

ಓಟದ ದಿನ ಮಂಜು ಕಡಿಮೆ ಇತ್ತು. ಬಾರ್ಟೆಲ್ ಸಾಹೇಬ ನನ್ನನ್ನು ಒಂದು ದೊಡ್ಡ ತಿರುವಿನ ಮೇಲುಗಡೆ, ಹಗ್ಗದ ಹಿಂದೆ, ತನ್ನ ಪಕ್ಕ ನಿಲ್ಲಿಸಿಕೊಂಡ. ಮೋಟಾರುಗಳು ಒಂದೊಂದೇ ಬಂದವು. ಒಬ್ಬ ಡಾಕ್ಟರು ತಿರುವಿನೊಳಗೆ ಬಂದ ಮೇಲೆ ಬ್ರೇಕು ಹಾಕಿದರು. ಗಾಡಿ ಗಿರಕಿ ಹೊಡೆದು ಚಹಾ ಗಿಡದೊಳಗೆ ಕೂತಿತು. ಅವರು ಇಳಿದು ಬಂದು ಸಿಗರೇಟು ಕೇಳಿದರು.

ಆಮೇಲೆ ಹಸಿರು ಮೋಟಾರಿನ ಸದ್ದು. ಕಾಣುವ ಮೊದಲೇ ಸದ್ದಿನಿಂದ ಗುರುತು ಹಿಡಿದೆ. ಇವನು ಅಪ್ಪನ ಮಗ, ಸೀದಾ ನುಗ್ಗುತ್ತಾನೆ ಎಂದುಕೊಂಡು ಕೋಟಿನ ಜೇಬಿನೊಳಗೆ ಕರಡಿಗೆ ಹಿಡಿದುಕೊಂಡೆ. ತಿರುವಿಗೆ ಇನ್ನೂ ದೂರವಿರುವಾಗಲೇ ಅವನು ಗಾಡಿಯನ್ನು ಮೆಲ್ಲಗೆ ಮಾಡಿದ. ಪಕ್ಕದಲ್ಲಿದ್ದವರು ಈ ಹುಡುಗ ಹೆದರಿದ ಎಂದರು. ಹೆದರಿರಲಿಲ್ಲ. ತಿರುವನ್ನು ನಿಧಾನವಾಗಿ ಒಳಹೊಕ್ಕು, ಮಧ್ಯದಿಂದ ಗಾಡಿಯನ್ನು ಪೂರಾ ಜೋರಾಗಿ ಬಿಟ್ಟ. ಹಸಿರು ಮೋಟಾರು ನಮ್ಮ ಮುಂದೆ ಕೂಗುತ್ತ ಮೇಲೆ ಹೋಯಿತು. ನಾನು ಶಾಬಾಸ್ ಬೇಟಾ ಎಂದು ಕಿರುಚಿದ್ದು ಗುಡ್ಡಕ್ಕೆಲ್ಲ ಕೇಳಿತಂತೆ. ಬಾರ್ಟೆಲ್ ಸಾಹೇಬ ಹುಡುಗನಿಗೆ ಯಾರು ಕಲಿಸಿದರು ಎಂದು ಸನ್ನೆಯಲ್ಲಿ ಕೇಳಿದ. ಗೊತ್ತಿಲ್ಲ ಎಂದು ಕೈಯಾಡಿಸಿದೆ. ನಿಜವಾಗಿ ಗೊತ್ತಿರಲಿಲ್ಲ.

ಸಂಗಮೇಶ ಗೆಲ್ಲಲಿಲ್ಲ. ನಡುವೆಲ್ಲೋ ಬಂದ. ಗೆದ್ದವನು ಸಾಲೆ ಮಾಸ್ತರ.

ಮತ್ತೆ ಭಾಲ್ಕಿ

ಹುಡುಗ ಮದ್ರಾಸಿನಲ್ಲೇ ಕಾಲೇಜಿಗೆ ಇಳಿದುಕೊಂಡ. ನಾನೊಬ್ಬನೇ ಊರಿಗೆ ಬಂದೆ. ಭಾಲ್ಕಿ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಸಮುದ್ರದ ಮೇಲಾದದ್ದಕ್ಕಿಂತ ಹೆಚ್ಚು ಸಂಕಟವಾಯಿತು. ಮಗ ಸುಖವಾಗಿದ್ದಾನೆ ಎಂದು ತಂತಿ ಮೊದಲೇ ಬಂದಿತ್ತು. ನೀಲಮ್ಮ ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, ತಾಟಿನಲ್ಲಿ ಬಿಸಿ ರೊಟ್ಟಿ ಪುಂಡಿಪಲ್ಲೆ ಬಡಿಸಿದಳು. ಆಮೇಲೆ ಒಲೆಯ ಮುಂದೆ ಕೂತು ಕೇಳಿದಳು.

"ತಡದಿ ಏನಣ್ಣಾ?"

ಇಲ್ಲ ಅಂದೆ. ಎಲ್ಲ ಹೇಳಿದೆ. ನೈಲಾನ್ ಸುಟ್ಟದ್ದು, ಧೋತರ ಕತ್ತರಿಸಿದ್ದು, ಲಿಂಗ ಮೈಬಿಡದೆ ಕರಡಿಗೆ ಮಾತ್ರ ತೆಗೆದದ್ದು, ತಪ್ಪಿಸುವ ದಾರಿ ಎರಡೆರಡು ಸಲ ಕೈಗೆ ಬಂದರೂ ನಾನೇ ಬಿಟ್ಟದ್ದು. ಅವಳ ಮುಖ ಕೆಂಪಾಯಿತು. ಇಷ್ಟು ಹೇಳಿ ಕಳಿಸಿದ್ದೆನಲ್ಲ ಎಂದಳು. ಅವಳು ಹಿಟ್ಟು ತಗೊಂಡು ಬಡಿಯತೊಡಗಿದಳು. ಬಡಿತ ಜೋರಾಗಿತ್ತು. ಒಂದು ರೊಟ್ಟಿ ಹರಿಯಿತು, ಮತ್ತೆ ಉಂಡೆ ಮಾಡಿದಳು. ನಾನು ತುತ್ತು ಮುರಿಯದೆ ಕೂತಿದ್ದೆ.

ಎರಡು ರೊಟ್ಟಿ ಬಡಿದ ಮೇಲೆ, ಕೈ ನಿಲ್ಲಿಸದೆ ಕೇಳಿದಳು.

"ತಿರುವಿನ್ಯಾಗ ಹ್ಯಾಂಗ ಮಾಡಿದ?"

"ದೂರ ಇರೋವಾಗ ಮೆಲ್ಲಕ ಮಾಡಿದ. ಆಮ್ಯಾಲ ತಿರುವಿದ" ಅಂದೆ.

ಅವಳ ಕೈ ನಿಂತಿತು. ಕಣ್ಣು ಸೆರಗಿನಿಂದ ಒರೆಸಿಕೊಂಡಳು.

"ಅವರಪ್ಪಗ ಅದೊಂದ ಬರ್ತಿರಲಿಲ್ಲ ನೋಡಣ್ಣಾ" ಅಂದಳು. ಆಮೇಲೆ ಹಂಚಿನ ಮೇಲಿಂದ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು.